ಮರ ಉರುಳುವ ಮೊದಲೇ ಕಾಡು ಹೋಗಿರುತ್ತದೆ

ಬೆಂಗಳೂರಿನಲ್ಲಿ ರಸ್ತೆ ಬದಿಯ ಒಂದು ಮರ ಉರುಳಿದರೂ ಅರ್ಧ ಗಂಟೆಯಲ್ಲಿ ಫೋಟೊ ವಾಟ್ಸಾಪ್ ಗುಂಪುಗಳಿಗೆ ಬಂದುಬಿಡುತ್ತದೆ. ಬರಲಿ, ಒಳ್ಳೆಯದೇ. ಆದರೆ ಕಾಡು ಹೋಗುವಾಗ ಫೋಟೊ ತೆಗೆಯಲು ಏನೂ ಇರುವುದಿಲ್ಲ. ಗರಗಸ ಬರುವ ಎಷ್ಟೋ ವರ್ಷ ಮೊದಲು ಯಾವುದೋ ಕಚೇರಿಯಲ್ಲಿ ಒಂದು ಕಡತಕ್ಕೆ ಸಹಿ ಬಿದ್ದಿರುತ್ತದೆ, ಅರಣ್ಯ ಅಂತ ಇದ್ದ ಸರ್ವೆ ನಂಬರ್ ಇನ್ನೇನೋ ಆಗಿರುತ್ತದೆ, ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ ಜೆಸಿಬಿ ಬಂದು ನಿಂತಿರುತ್ತದೆ. ಅದಕ್ಕೇ ಈ ಸಲ ಮರದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕಾಡಿನ ಕಾಗದದ ಬಗ್ಗೆ ಬರೆಯುತ್ತೇನೆ.

ಮೊದಲು ತುರಹಳ್ಳಿ. ನಾನಿರುವುದು ಊರಿನ ಈ ದಕ್ಷಿಣದ ಮೂಲೆಯಲ್ಲಿ, ಹಾಗಾಗಿ ನನಗೆ ಹತ್ತಿರದ ಕಾಡು ಅದೇ. ಕನಕಪುರ ರಸ್ತೆಗೂ ಬನಶಂಕರಿ ಆರನೇ ಹಂತಕ್ಕೂ ನಡುವೆ ಐನೂರು ಎಕರೆಗೂ ಜಾಸ್ತಿ ಇರುವ ಜಾಗ. ದೊಡ್ಡ ದೊಡ್ಡ ಬಂಡೆ, ಕುರುಚಲು ಗಿಡ, ಜಾಲಿ, ಅಲ್ಲಲ್ಲಿ ಹಿಂದೆ ಇಲಾಖೆಯೇ ನೆಟ್ಟ ನೀಲಗಿರಿ. ಮಲೆನಾಡಿನ ಕಾಡು ನೋಡಿ ಬಂದವರಿಗೆ ಇದು ಕಾಡು ಅಂತ ಅನ್ನಿಸುವುದೇ ಇಲ್ಲ. ನಮ್ಮ ನೆಂಟರೊಬ್ಬರು ಶಿರಸಿಯಿಂದ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. "ಇದೇನು, ಬರೀ ಕಲ್ಲು, ಪೊದೆ" ಅಂದರು. ಬಯಲುಸೀಮೆಯ ಅಂಚಿನ ಕಾಡು ಇರುವುದೇ ಹಾಗೆ. ನವಿಲು, ಗೌಜಲಹಕ್ಕಿ, ಮುಂಗುಸಿ ಎಲ್ಲ ಬದುಕುವುದು ಆ ಪೊದೆಯಲ್ಲೇ. ಚಿರತೆಯೂ ಇದೆ. ಹೊಳೆಮತ್ತಿ ನೇಚರ್ ಫೌಂಡೇಶನ್‌ನವರು ಕ್ಯಾಮೆರಾ ಟ್ರ್ಯಾಪ್ ಇಟ್ಟು ಮಾಡಿದ ಅಧ್ಯಯನದ ಪ್ರಕಾರ ಬನ್ನೇರುಘಟ್ಟವೂ ಸೇರಿ ಬೆಂಗಳೂರಿನ ಸುತ್ತಮುತ್ತ ಸುಮಾರು 80ರಿಂದ 85 ಚಿರತೆಗಳಿವೆ. ಇಷ್ಟು ದೊಡ್ಡ ನಗರದ ಅಂಚಿನಲ್ಲಿ ಇಷ್ಟು ಚಿರತೆ ಉಳಿದಿರುವುದಕ್ಕೆ ಕಾರಣ ತುರಹಳ್ಳಿ, ಬಿ.ಎಂ. ಕಾವಲ್, ಯು.ಎಂ. ಕಾವಲ್ (ಕಾವಲ್ ಅಂದರೆ ಹಿಂದೆ ದನ ಮೇಯಲು ಕಾದಿಟ್ಟ ಜಾಗ), ಸೂಳಿಕೆರೆ, ಹೆಸರಘಟ್ಟದಂಥ ತುಂಡು ತುಂಡು ಜಾಗಗಳು. ನಕ್ಷೆಯಲ್ಲಿ ಅವು ಹಸಿರು ಚುಕ್ಕೆಗಳು, ಅಷ್ಟೇ.

2021ರ ಆರಂಭದಲ್ಲಿ ತುರಹಳ್ಳಿಯಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂತು. ಆ ಜನವರಿಯಲ್ಲೇ ಮೆಟ್ರೊ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆವರೆಗೆ ಓಡಲು ಶುರುವಾಗಿತ್ತು, ವಾಜರಹಳ್ಳಿ, ತಲಘಟ್ಟಪುರ ಎಲ್ಲ ಊರಿನ ಒಳಗೇ ಬಂದಂತಾಗಿತ್ತು. ಕಾಡಿನ ಪಕ್ಕದ ಒಂದೊಂದು ಅಡಿಗೂ ಬೆಲೆ ಏರುತ್ತಿದ್ದ ಹೊತ್ತು. ಟ್ರೀ ಪಾರ್ಕ್ ಅನ್ನುವುದು ನಮ್ಮ ರಾಜ್ಯದಲ್ಲಿ ಹೊಸದಲ್ಲ, ಸಾಲುಮರದ ತಿಮ್ಮಕ್ಕನವರ ಹೆಸರಿನಲ್ಲಿ ಎಷ್ಟೋ ತಾಲ್ಲೂಕುಗಳಲ್ಲಿ ವೃಕ್ಷೋದ್ಯಾನಗಳಿವೆ. ಬರಡು ಜಾಗದಲ್ಲಿ ಮಾಡಿದರೆ ನನಗೆ ಖುಷಿಯೇ. ಆದರೆ ಈಗಾಗಲೇ ಕಾಡಾಗಿರುವ ಕಡೆ ನಡೆಯುವ ದಾರಿಗೆ ಕಲ್ಲು ಹಾಸಿ, ಕೂರಲು ಮಂಟಪ ಕಟ್ಟಿ, ಮಕ್ಕಳ ಆಟದ ಸಾಮಾನು ಇಟ್ಟು, ಪೊದೆ ಸವರಿ ಅಂದಗೊಳಿಸುವುದು ಯಾಕೆ? ಪೊದೆ ಸವರಿದ ದಿನವೇ ಗೌಜಲಹಕ್ಕಿ ಹೋಯಿತು.

ಸುತ್ತಲಿನ ನಿವಾಸಿಗಳು, ಸೈಕಲ್‌ನವರು, ಬಂಡೆ ಹತ್ತುವವರು, ಹಕ್ಕಿ ನೋಡುವವರು ಎಲ್ಲ ಸೇರಿ ಪ್ರತಿಭಟನೆ ಮಾಡಿದರು. ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅದು ನಿಜವಾದ ಗೆಲುವು. ಆದರೆ ಆವತ್ತು ನನ್ನನ್ನು ಕಾಡಿದ ಪ್ರಶ್ನೆ ಈಗಲೂ ಕಾಡುತ್ತಿದೆ. ನಮ್ಮದೇ ಕಾಡಿನ ಬಗ್ಗೆ ಒಂದು ಯೋಜನೆ ತಯಾರಾಗುವವರೆಗೂ ಸುತ್ತಮುತ್ತ ಇರುವವರಿಗೆ ಯಾಕೆ ಗೊತ್ತಾಗಲಿಲ್ಲ? ಒಂದು ಸಭೆ ಕರೆಯುವುದು, ಗೇಟಿನ ಹತ್ತಿರ ಒಂದು ಬೋರ್ಡು ಹಾಕುವುದು, ಇದು ಅಂಥ ಕಷ್ಟದ ಕೆಲಸವಾ?

ಪಾರ್ಕ್ ಬೇಕು ಅಂದವರೂ ಇದ್ದರು, ಅವರ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ನಮ್ಮ ಬೀದಿಯ ಹಿರಿಯರೊಬ್ಬರು ಹೇಳಿದ್ದು ನೆನಪಿದೆ. "ನೋಡಪ್ಪಾ, ನಿಮಗೆ ವಯಸ್ಸಿದೆ, ಬಂಡೆ ಹತ್ತುತ್ತೀರಿ. ನಾವು ಎಲ್ಲಿ ವಾಕಿಂಗ್ ಹೋಗೋಣ? ಫುಟ್‌ಪಾತ್ ಇದೆಯಾ?" ಇಲ್ಲ, ಫುಟ್‌ಪಾತ್ ಇಲ್ಲ. ಸಂಜೆ ಹೊತ್ತು ಅಲ್ಲಿ ಒಬ್ಬಳೇ ನಡೆಯಲು ಭಯ ಅಂತ ಹೆಣ್ಣುಮಕ್ಕಳು ಹೇಳಿದ್ದೂ ನಿಜ. ಬಾಟಲಿ, ಕಟ್ಟಡದ ಕಸ, ಬೇಸಿಗೆಯಲ್ಲಿ ಬೆಂಕಿ, ಇವೆಲ್ಲ ಇರುವ ಸಮಸ್ಯೆಗಳೇ. ಆದರೆ ಇವಕ್ಕೆ ಬೇಕಿರುವುದು ಇನ್ನಿಬ್ಬರು ಗಾರ್ಡ್‌ಗಳು, ಬೆಂಕಿ ಹರಡದ ಹಾಗೆ ಹುಲ್ಲು ಸವರಿದ ಬೆಂಕಿರೇಖೆ, ಗಟ್ಟಿ ಬೇಲಿ, ಬಡಾವಣೆ ಒಳಗೆ ಸರಿಯಾದ ಪಾರ್ಕ್. ಲೇಔಟ್ ಮಾಡುವಾಗಲೇ ಪಾರ್ಕಿಗೆ ಜಾಗ ಬಿಡಬೇಕು ಅಂತ ನಿಯಮ ಇದೆ. ಆ ಜಾಗ ಎಲ್ಲಿ ಹೋಯಿತು ಅಂತ ಮೊದಲು ಹುಡುಕಬೇಕು ಅಲ್ವಾ? ಬಡಾವಣೆಯವರು ಬಿಡದೆ ಹೋದ ಪಾರ್ಕನ್ನು ಕಾಡಿನಿಂದ ವಸೂಲಿ ಮಾಡುವುದು ನ್ಯಾಯ ಅಲ್ಲ.

ಇಂಗ್ಲೆಂಡಿನ ಒಂದು ಸಂಗತಿ ಇಲ್ಲಿ ಹೇಳಲೇಬೇಕು. 2010ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಸಾರ್ವಜನಿಕ ಒಡೆತನದ ಕಾಡುಗಳನ್ನು ಮಾರುವ, ಗುತ್ತಿಗೆಗೆ ಕೊಡುವ ಯೋಚನೆ ಮಾಡಿತು. ಒಟ್ಟು ಸುಮಾರು 2.58 ಲಕ್ಷ ಹೆಕ್ಟೇರ್. ಜನ ಸುಮ್ನೆ ಕೂರಲಿಲ್ಲ. ಡೀನ್ ಕಾಡಿನ ಸುತ್ತಲಿನ ಊರಿನವರು ಚಳಿಯಲ್ಲಿ ಬಂದು ನಿಂತರು, ಮನವಿಗೆ ಐದು ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. 2011ರ ಫೆಬ್ರವರಿ 17ರಂದು ಪರಿಸರ ಸಚಿವೆ ಕ್ಯಾರೊಲಿನ್ ಸ್ಪೆಲ್‌ಮನ್ ಸಂಸತ್ತಿನಲ್ಲಿ ಕ್ಷಮೆ ಕೇಳಿ ಯೋಜನೆ ಹಿಂದೆ ಪಡೆದರು. ಆಮೇಲೆ ಲಿವರ್‌ಪೂಲ್‌ನ ಬಿಷಪ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿದರು. ಈ ಕಾಡುಗಳು ಸಾರ್ವಜನಿಕರ ಒಡೆತನದಲ್ಲೇ ಉಳಿಯಬೇಕು ಅಂತ 2012ರ ಜುಲೈನಲ್ಲಿ ಅದು ವರದಿ ಕೊಟ್ಟಿತು.

ಅಲ್ಲಿ ಸರ್ಕಾರ ಮಾರುತ್ತೇವೆ ಅಂತ ಬಾಯಿ ಬಿಟ್ಟು ಹೇಳಿತು, ಅಭಿಪ್ರಾಯ ಹೇಳಿ ಅಂತ ಕೇಳಿತು, ಜನ ಬೇಡ ಅಂದರು. ನಮ್ಮಲ್ಲಿ ಕಾಡು ಮಾರುತ್ತೇವೆ ಅಂತ ಯಾವ ಸರ್ಕಾರವೂ ಹೇಳುವುದಿಲ್ಲ. ಹೇಳಿದ್ದಿದ್ದರೆ ನಾವೂ ರಸ್ತೆಗೆ ಇಳಿಯುತ್ತಿದ್ದೆವು. ಇಲ್ಲಿ ಆಗುವುದು ಸಣ್ಣ ಸಣ್ಣ ತಿದ್ದುಪಡಿಗಳು. ಯಾವುದೋ ಸಂಸ್ಥೆಗೆ ಜಾಗ ಹಸ್ತಾಂತರ, ವ್ಯಾಖ್ಯೆಯಲ್ಲಿ ಒಂದು ಬದಲಾವಣೆ, ವಲಯದ ಗಡಿಯಲ್ಲಿ ಒಂದು ಕಡಿತ.

ಎಚ್‌ಎಂಟಿ ಜಾಗದ ಕಥೆ ನೋಡಿ. ಜಾಲಹಳ್ಳಿ–ಪೀಣ್ಯ ಕಡೆ ಹೋದವರು ಆ ದಟ್ಟ ಹಸಿರನ್ನು ನೋಡಿಯೇ ಇರುತ್ತೀರಿ. ಪೀಣ್ಯ ಜಾರಕಬಂಡೆ ಕಾವಲಿನ 599 ಎಕರೆಯನ್ನು 1896ರಲ್ಲೇ, ಅಂದರೆ ಮೈಸೂರು ಸಂಸ್ಥಾನದ ಕಾಲದಲ್ಲೇ, ಅರಣ್ಯ ಅಂತ ಅಧಿಸೂಚನೆ ಮಾಡಿದ್ದರು. 1960ರ ದಶಕದಲ್ಲಿ ಅದು ಎಚ್‌ಎಂಟಿ ಕೈಗೆ ಹೋಯಿತು. ದೇಶ ಕಟ್ಟುವ ಹುಮ್ಮಸ್ಸಿನ ಕಾಲ ಅದು. ನಮ್ಮ ತಂದೆಯ ಕೈಯಲ್ಲಿದ್ದದ್ದೂ ಎಚ್‌ಎಂಟಿ ವಾಚೇ, ಆ ಕಾರ್ಖಾನೆಯ ಬಗ್ಗೆ ನನಗೆ ಇರುವುದು ಗೌರವವೇ. ಆದರೆ ಅರಣ್ಯ ಇಲಾಖೆ ಹೇಳುವ ಪ್ರಕಾರ ಜಾಗ ಕೊಡುವಾಗ ಅದನ್ನು ಅರಣ್ಯದ ಪಟ್ಟಿಯಿಂದ ಕಾನೂನು ಪ್ರಕಾರ ತೆಗೆದೇ ಇರಲಿಲ್ಲ. ಡಿನೋಟಿಫೈ ಆಗಿರಲಿಲ್ಲ. ಹಾಗಾದರೆ ಅದು ಇವತ್ತಿಗೂ ಅರಣ್ಯವೇ. ಕಾರ್ಖಾನೆ ಸೊರಗುತ್ತಾ ಹೋದ ಹಾಗೆ ಅದರ ತುಂಡುಗಳು ಸರ್ಕಾರಿ ಸಂಸ್ಥೆಗಳಿಗೂ ಖಾಸಗಿಯವರಿಗೂ ಮಾರಾಟವಾದವು. ಅಪಾರ್ಟ್‌ಮೆಂಟುಗಳು ಎದ್ದವು.

2024ರಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಆ ಜಾಗವನ್ನು ವಾಪಸ್ ಪಡೆಯಲು ಸೂಚಿಸಿದಾಗ ವಿಷಯ ದೊಡ್ಡದಾಯಿತು. ಅದಕ್ಕೂ ಮುಂಚೆ ನಮ್ಮ ಅರಣ್ಯ ಇಲಾಖೆಯಿಂದಲೇ ಸುಪ್ರೀಂ ಕೋರ್ಟಿಗೆ ಒಂದು ಅರ್ಜಿ ಹೋಗಿತ್ತು. ಈ ಜಾಗವನ್ನು ಡಿನೋಟಿಫೈ ಮಾಡಲು ಅನುಮತಿ ಕೊಡಿ ಅಂತ! ಆ ಅರ್ಜಿ ವಾಪಸ್ ತೆಗೆದುಕೊಳ್ಳಿ ಅಂತ ಸಚಿವರೇ ಸೂಚನೆ ಕೊಡಬೇಕಾಯಿತು. ಕಾಡು ಕಾಯುವ ಇಲಾಖೆಯೇ ಇದು ಕಾಡಲ್ಲ ಅಂತ ಬರೆದುಕೊಡಿ ಅಂದರೆ ಬೇರೆ ಯಾರನ್ನು ಕೇಳೋಣ? ಕೇಂದ್ರದ ಬೃಹತ್ ಕೈಗಾರಿಕೆ ಸಚಿವ ಎಚ್.ಡಿ. ಕುಮಾರಸ್ವಾಮಿಯವರು ಜಾಗ ಎಚ್‌ಎಂಟಿಯದೇ, ಕಾರ್ಖಾನೆಗೆ ಮರುಜೀವ ಕೊಡುತ್ತೇವೆ ಅನ್ನುತ್ತಾರೆ. ಎರಡೂ ಕಡೆ ರಾಜಕೀಯ ಇದೆ. ನನಗೆ ಬೇಕಿರುವುದು ಅದಲ್ಲ. 1896ರಿಂದ ಇವತ್ತಿನವರೆಗಿನ ಆ ಜಾಗದ ಕಾಗದ ಪತ್ರಗಳನ್ನು ಒಂದೇ ಕಡೆ, ಯಾರು ಬೇಕಾದರೂ ಓದುವ ಹಾಗೆ, ಯಾಕೆ ಇಡಬಾರದು? ಒಂದು ಸೈಟು ಕೊಳ್ಳುವಾಗ ನಾವು ಮೂವತ್ತು ವರ್ಷದ ಇಸಿ, ಅಂದರೆ ಋಣಭಾರ ಪತ್ರ, ತೆಗೆಸುತ್ತೇವೆ. ಐನೂರ ತೊಂಬತ್ತೊಂಬತ್ತು ಎಕರೆಗೆ ಅಷ್ಟಾದರೂ ಬೇಡವಾ?

ಡೀಮ್ಡ್ ಅರಣ್ಯದ ವಿಷಯ ಇದಕ್ಕಿಂತ ದೊಡ್ಡದು, ಆದರೆ ಬೆಂಗಳೂರಿನಲ್ಲಿ ಅದರ ಬಗ್ಗೆ ಮಾತಾಡುವವರು ಕಡಿಮೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು. ದಾಖಲೆಯಲ್ಲಿ ಅರಣ್ಯ ಅಂತ ಇರಲಿ ಬಿಡಲಿ, ಒಡೆಯ ಯಾರೇ ಆಗಿರಲಿ, ನೋಡಿದರೆ ಕಾಡು ಅನ್ನಿಸುವ ಜಾಗಕ್ಕೂ 1980ರ ಅರಣ್ಯ ಸಂರಕ್ಷಣಾ ಕಾಯ್ದೆ (ಕೇಂದ್ರದ ಅನುಮತಿ ಇಲ್ಲದೆ ಕಾಡನ್ನು ಬೇರೆ ಕೆಲಸಕ್ಕೆ ಬಳಸಬಾರದು ಅನ್ನುವ ಕಾನೂನು) ಅನ್ವಯ ಆಗುತ್ತದೆ ಅಂತ. ಹೀಗೆ ದಾಖಲೆಯಲ್ಲಿ ಇಲ್ಲದಿದ್ದರೂ ಅರಣ್ಯ ಅಂತ ಪರಿಗಣಿಸುವ ಜಾಗವೇ ಡೀಮ್ಡ್ ಅರಣ್ಯ. ಅದರ ಪ್ರಕಾರ ನಮ್ಮ ರಾಜ್ಯದಲ್ಲಿ ಸುಮಾರು 9.94 ಲಕ್ಷ ಹೆಕ್ಟೇರ್ ಗುರುತಾಗಿತ್ತು. 2022ರಲ್ಲಿ ಸರ್ಕಾರ ಅದನ್ನು ಸುಮಾರು 3.30 ಲಕ್ಷ ಹೆಕ್ಟೇರ್‌ಗೆ ಇಳಿಸಿತು. ಉಳಿದ ಆರು ಲಕ್ಷ ಚಿಲ್ಲರೆ ಹೆಕ್ಟೇರ್ ಪಟ್ಟಿಯಿಂದ ಹೊರಗೆ.

ಇದರಲ್ಲಿ ರೈತರ ಕಷ್ಟವೂ ಇದೆ ಅಂತ ನಾನು ಒಪ್ಪುತ್ತೇನೆ. ಮಲೆನಾಡಿನಲ್ಲಿ ಎರಡು ಮೂರು ತಲೆಮಾರಿನಿಂದ ಮನೆ ಕಟ್ಟಿಕೊಂಡು, ಅಡಿಕೆ, ಕಾಫಿ ಬೆಳೆದವರ ಜಮೀನು, ಶಾಲೆ, ಸ್ಮಶಾನ, ಊರಿನ ಕೆರೆ ಅಂಗಳ ಎಲ್ಲ ಆ ಮೊದಲ ಪಟ್ಟಿಯಲ್ಲಿ ಸೇರಿಹೋಗಿತ್ತು. ಅವರನ್ನು ಒಕ್ಕಲೆಬ್ಬಿಸಿ ಅಂತ ನಾನು ಹೇಳುತ್ತಿಲ್ಲ. ಆದರೆ ತೆಗೆದದ್ದರಲ್ಲಿ ಎಷ್ಟು ಜಾಗ ಅಂಥ ರೈತರದು, ಎಷ್ಟು ಜಾಗ ನಿಜವಾಗಿ ಮರ ಇರುವ ಕಾನು (ಮಲೆನಾಡಿನ ದಟ್ಟ ಕಾಡು), ಗುಡ್ಡ, ಕಾವಲು? ಸಣ್ಣ ಹಿಡುವಳಿದಾರನ ಹೆಸರಿನಲ್ಲಿ ಬಾಗಿಲು ತೆರೆದರೆ ಅವನ ಹಿಂದೆಯೇ ರೆಸಾರ್ಟಿನವನೂ ಲೇಔಟಿನವನೂ ಒಳಗೆ ಬರುತ್ತಾನೆ. ಸರ್ವೆ ನಂಬರ್ ಸಮೇತ ಊರೂರಿನಲ್ಲಿ ಪಟ್ಟಿ ಓದಿ ಹೇಳಿದ್ದರೆ ಈ ಅನುಮಾನಕ್ಕೆ ಜಾಗವೇ ಇರುತ್ತಿರಲಿಲ್ಲ.

ಇನ್ನು ಬನ್ನೇರುಘಟ್ಟ. 260 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನ, ಆನೆಗಳ ಜಾಗ. 2016ರ ಕರಡಿನಲ್ಲಿ ಅದರ ಸುತ್ತಲಿನ ಪರಿಸರ ಸೂಕ್ಷ್ಮ ವಲಯ, ಅಂದರೆ ಗಣಿ, ಕಾರ್ಖಾನೆ, ಕಟ್ಟಡಗಳಿಗೆ ಕಡಿವಾಣ ಇರುವ ಅಂಚಿನ ಪಟ್ಟಿ, 268.96 ಚದರ ಕಿಲೋಮೀಟರ್ ಇತ್ತು. 2020ರಲ್ಲಿ ಅಂತಿಮ ಅಧಿಸೂಚನೆ ಬಂದಾಗ 168.84 ಉಳಿದಿತ್ತು. ನೂರು ಚದರ ಕಿಲೋಮೀಟರ್ ಕಡಿತ. ಕೆಲವು ಕಡೆ ವಲಯದ ಅಗಲ ಬರೀ ನೂರು ಮೀಟರ್. ಆ ಪಕ್ಕದ ಕಲ್ಲು ಕ್ವಾರಿಯ ಸದ್ದು ಕೇಳಿದವರಿಗೆ ನೂರು ಮೀಟರ್ ಅಂದರೆ ಎಷ್ಟು ಅಂತ ಹೇಳಬೇಕಾಗಿಲ್ಲ. ಆನೆ ನಡೆಯುವ ದಾರಿ ನಮ್ಮ ಅಧಿಸೂಚನೆ ನೋಡಿ ಬದಲಾಗುವುದಿಲ್ಲ. ಬೆಳೆಗೆ ನುಗ್ಗಿತು ಅಂತ ಆಮೇಲೆ ಬೈಸಿಕೊಳ್ಳುವುದು ಆನೆ, ಬೆಳೆ ಕಳೆದುಕೊಳ್ಳುವುದು ಅಲ್ಲಿನ ರೈತ. ವಲಯ ಕಡಿಮೆ ಮಾಡಿದವರಿಗೆ ಏನೂ ಆಗುವುದಿಲ್ಲ.

ನನಗೆ ತುಂಬ ಸಿಟ್ಟು ಬರುವ ವಿಷಯ ಇಲ್ಲಿದೆ. ಇಂಥ ವಲಯದ ಕರಡು ಬಂದರೆ ಆಕ್ಷೇಪಣೆ ಹೇಳಲು ಅರವತ್ತು ದಿನ ಸಮಯ ಇರುತ್ತದೆ. ಕರಡು ಪ್ರಕಟವಾಗುವುದು ಭಾರತ ಸರ್ಕಾರದ ಗೆಜೆಟ್‌ನಲ್ಲಿ, ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ. ಹಾರೋಹಳ್ಳಿ ಕಡೆಯ, ಆನೇಕಲ್ ಕಡೆಯ ಹಳ್ಳಿಯವರ ಹೊಲದ ಸರ್ವೆ ನಂಬರ್ ಅದರಲ್ಲಿ ಇರುತ್ತದೆ, ಅವರು ಓದುವ ಭಾಷೆ ಇರುವುದಿಲ್ಲ. ಒಳಗೆ ಸೇರಿದರೆ ಏನಾಗುತ್ತದೆ ಅಂತ ಗೊತ್ತಿಲ್ಲದ ಜನ ಭಯಪಡುತ್ತಾರೆ. ನಿಮ್ಮ ಜಮೀನು ಹೋಗುತ್ತದೆ ಅಂತ ಯಾರೋ ಗಾಳಿಸುದ್ದಿ ಹಬ್ಬಿಸುತ್ತಾರೆ. ಆ ಭಯವನ್ನೇ ಮುಂದಿಟ್ಟುಕೊಂಡು, ಜನರ ವಿರೋಧ ಇದೆ ಅಂತ ಹೇಳಿ ವಲಯ ಕಡಿಮೆ ಮಾಡುತ್ತಾರೆ. 2020ರಲ್ಲಿ ಯೋಜನೆಗಳಿಂದ ಪರಿಸರದ ಮೇಲಾಗುವ ಪರಿಣಾಮ ಅಳೆಯುವ (ಇಐಎ) ನಿಯಮದ ಕರಡು ಬಂದಾಗ ದೆಹಲಿ ಹೈಕೋರ್ಟು ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅನುವಾದ ಮಾಡಿ ಅಂತ ಹೇಳಿತ್ತು. ಕೋರ್ಟು ಹೇಳಿಯೇ ಮಾಡಬೇಕಾ? ಕಾಡಿನ ಪಕ್ಕದ ಗ್ರಾಮ ಪಂಚಾಯಿತಿ ಗೋಡೆಗೆ ಕನ್ನಡದಲ್ಲಿ ನಾಲ್ಕು ಪುಟ ಅಂಟಿಸಲು ಎಷ್ಟು ಖರ್ಚಾಗುತ್ತದೆ?

ಹೆಸರಘಟ್ಟದಲ್ಲೂ ಇದೇ ಎಳೆದಾಟ ನಡೆಯಿತು. ಐದು ಸಾವಿರ ಎಕರೆ ದಾಟಿದ ಹುಲ್ಲುಗಾವಲು, 1894ರಲ್ಲೇ ಊರಿಗೆ ನೀರು ಕೊಟ್ಟ ಕೆರೆಯ ಪಕ್ಕ. ಅದನ್ನು ಸಂರಕ್ಷಣಾ ಮೀಸಲು, ಅಂದರೆ ವನ್ಯಜೀವಿ ಕಾನೂನಿನ ರಕ್ಷಣೆ ಇರುವ ಜಾಗ, ಮಾಡುವ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯೇ ತಳ್ಳಿಹಾಕಿತ್ತು. ವಿಷಯ ಹೈಕೋರ್ಟಿಗೆ ಹೋಗಿ, ವರ್ಷಗಟ್ಟಲೆ ಓಡಾಡಿದ ಮೇಲೆ ಆ ನಿಲುವು ಬದಲಾಯಿತು. ಹುಲ್ಲುಗಾವಲಿನಲ್ಲಿ ಮರ ಇರುವುದಿಲ್ಲ, ಹಾಗಾಗಿ ಅದು ಖಾಲಿ ಜಾಗ ಅನ್ನುವ ಭಾವನೆ ಅಧಿಕಾರಿಗಳಲ್ಲೂ ಇದೆ, ನಮ್ಮಲ್ಲೂ ಇದೆ.

ಕೇಂದ್ರದ ಕಾನೂನಿನ ಬಗ್ಗೆಯೂ ಸ್ವಲ್ಪ. 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂತು. ಸರ್ಕಾರಿ ಮೃಗಾಲಯ, ಸಫಾರಿ, ಪರಿಸರ ಪ್ರವಾಸೋದ್ಯಮ ಇಂಥವನ್ನು ಅರಣ್ಯೇತರ ಬಳಕೆಯ ಪಟ್ಟಿಯಿಂದ ಹೊರಗಿಟ್ಟರು. ಅಂದರೆ ಕಾಡಿನೊಳಗೆ ಇವನ್ನು ಮಾಡಲು ಮೊದಲಿದ್ದ ತಡೆ ಸಡಿಲ ಆಗುತ್ತದೆ. ಸದ್ಯಕ್ಕೆ ಸುಪ್ರೀಂ ಕೋರ್ಟು ಕೈ ಅಡ್ಡ ಹಿಡಿದಿದೆ. ತನ್ನ ಒಪ್ಪಿಗೆ ಇಲ್ಲದೆ ಕಾಡಿನಲ್ಲಿ ಹೊಸ ಮೃಗಾಲಯ, ಸಫಾರಿ ಬೇಡ, ಅರಣ್ಯ ಅನ್ನುವ ಪದಕ್ಕೆ 1996ರ ತೀರ್ಪು ಕೊಟ್ಟ ಅರ್ಥವನ್ನೇ ಪಾಲಿಸಿ ಅಂತ 2024ರ ಫೆಬ್ರವರಿಯಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಮಧ್ಯಂತರ ಆದೇಶ ಅಷ್ಟೇ ಅದು. ನಗರದ ಅಂಚಿನ ಕಾಡಿಗೆ ಈ ತಿದ್ದುಪಡಿ ಬೇರೆಲ್ಲದಕ್ಕಿಂತ ಹೆಚ್ಚು ಅಪಾಯ. ಪ್ರವಾಸೋದ್ಯಮಕ್ಕೆ ಜನ ಬರುವುದು ಎಲ್ಲಿಗೆ? ಒಂದೂವರೆ ಕೋಟಿ ಜನ ಇರುವ ಊರಿನ ಪಕ್ಕಕ್ಕೇ ತಾನೇ.

ಒಂದು ಒಳ್ಳೆಯ ಬೆಳವಣಿಗೆಯೂ ಇದೆ. ಕಂದಾಯ ಇಲಾಖೆ ಕೈಯಲ್ಲಿ ಇರುವ ಮೀಸಲು ಅರಣ್ಯದ ಜಾಗ ಖಾಸಗಿಯವರಿಗೆ ಮಂಜೂರಾಗಿದೆಯಾ ಅಂತ ಪರಿಶೀಲಿಸಲು ಎಲ್ಲ ರಾಜ್ಯಗಳೂ ವಿಶೇಷ ತನಿಖಾ ತಂಡ ಮಾಡಬೇಕು ಅಂತ 2025ರ ಮೇ 15ರಂದು ಸುಪ್ರೀಂ ಕೋರ್ಟು ಹೇಳಿದೆ. ಪುಣೆಯ ಒಂದು ಕಾಡಿನ ಜಾಗದ ಪ್ರಕರಣದಲ್ಲಿ ಬಂದ ತೀರ್ಪು ಅದು. ನಮ್ಮ ಜಿಲ್ಲೆಗೆ ಇದು ತುಂಬ ಮುಖ್ಯ. ಅರಣ್ಯ ಇಲಾಖೆಯ ನಕ್ಷೆಯಲ್ಲಿ ಕಾಡು, ಕಂದಾಯದ ಪಹಣಿಯಲ್ಲಿ ಇನ್ನೊಬ್ಬರ ಹೆಸರು, ಹೀಗೆ ಇರುವ ಸರ್ವೆ ನಂಬರ್‌ಗಳು ಬೆಂಗಳೂರಿನ ಸುತ್ತ ಬೇಕಾದಷ್ಟಿವೆ. ಗೊತ್ತಿಲ್ಲದೆ ಅಂಥ ಕಡೆ ಸಾಲ ಮಾಡಿ ಮನೆ ಕೊಂಡವರ ಪಾಡು ಯಾರಿಗೂ ಬೇಡ. ತಂಡದವರು ತಯಾರಿಸುವ ಪಟ್ಟಿ ಬೀರುವಿನಲ್ಲಿ ಉಳಿಯಬಾರದು. ಹೋಬಳಿವಾರು, ಸರ್ವೆ ನಂಬರ್ ಸಮೇತ, ಕನ್ನಡದಲ್ಲಿ ಜನರ ಮುಂದೆ ಬರಬೇಕು. ಬಿ.ಎಂ. ಕಾವಲ್, ಯು.ಎಂ. ಕಾವಲ್ ಅಂಥ ಜಾಗಗಳನ್ನು ಸಂರಕ್ಷಣಾ ಮೀಸಲು ಮಾಡಿ ಅಂತ ಚಿರತೆ ಅಧ್ಯಯನ ಮಾಡಿದವರು ಕೇಳಿದ್ದಾರೆ. ಆ ಕೋರಿಕೆಗೆ ಸರ್ಕಾರ ಹೌದು ಅಥವಾ ಇಲ್ಲ ಅಂತ ಉತ್ತರ ಕೊಡಬೇಕು.

ನಿಮ್ಮ ಮನೆ ಹತ್ತಿರ ಇಂಥ ಕಾಡು, ಕಾವಲು, ನೆಡುತೋಪು ಇದ್ದರೆ ಒಂದು ಆರ್‌ಟಿಐ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲೆ, ನೂರೈವತ್ತು ಪದದ ಒಳಗೆ ಇರಬೇಕು. ಹಾಗಾಗಿ ಸುತ್ತಿ ಬಳಸಿ ಬರೆಯಬೇಡಿ. ಸರ್ವೆ ನಂಬರ್ ಹಾಕಿ. ಕರ್ನಾಟಕ ಅರಣ್ಯ ಕಾಯ್ದೆ 1963ರ ಸೆಕ್ಷನ್ 4 (ಮೀಸಲು ಅರಣ್ಯ ಮಾಡುತ್ತೇವೆ ಅನ್ನುವ ಮೊದಲ ಪ್ರಕಟಣೆ) ಅಥವಾ ಸೆಕ್ಷನ್ 17ರಲ್ಲಿ (ಅಂತಿಮ ಘೋಷಣೆ) ಅಧಿಸೂಚನೆ ಆಗಿದೆಯಾ, ಹಳೆಯ ಮೈಸೂರು ಕಾಲದ ಅಧಿಸೂಚನೆ ಇದೆಯಾ, ಆಮೇಲೆ ಯಾವತ್ತಾದರೂ ಯಾವ ಸಂಸ್ಥೆಗಾದರೂ ಹಸ್ತಾಂತರ ಆಗಿದೆಯಾ ಅಂತ ಕೇಳಿ. ಸರ್ವೆ ನಕ್ಷೆಯ ಪ್ರತಿಯನ್ನೂ ಕೇಳಿ. ಅದೇ ಸರ್ವೆ ನಂಬರಿನ ಪಹಣಿಯನ್ನು ತೆಗೆಸಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ವಿಸ್ತೀರ್ಣ ಹೊಂದದಿದ್ದರೆ ವಲಯ ಅರಣ್ಯಾಧಿಕಾರಿಗೂ ತಹಶೀಲ್ದಾರರಿಗೂ ಒಟ್ಟಿಗೇ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ.